ಜೋಡಿ ಫೋಟೊ

ಸೋಮಲಿಂಗಪ್ಪನವರು ಆ ಫೋಟೊವನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಟ್ಟರು. ಮೊದಲ ಸಲ ಯಾರೋ ಕೈ ತಾಗಿಸಿರಬೇಕೆಂದು ಮೊಮ್ಮಗಳು ಮಾಧುರಿ ಸರಿ ಮಾಡಿದ್ದಳು. ಎರಡನೆಯ ಸಲ ಸೊಸೆ ನಿವೇದಿತಾ ಸರಿ ಮಾಡಿ, ಹಾರವನ್ನೂ ನೆಟ್ಟಗೆ ಹಾಕಿದ್ದಳು. ಈ ಸಲ ಮುದುಕರು ಹಾರವನ್ನೇ ತೆಗೆದು ಕುರ್ಚಿಯ ಮೇಲೆ ಎಸೆದು, ಕೋಲೂರಿಕೊಂಡು ಹಾಲ್‌ನಿಂದ ಹೊರಗೆ ಹೋಗಿ, ಬಾಗಿಲ ಬಳಿ ಎಲ್ಲರೂ ಬೂಟು ಬಿಟ್ಟಿದ್ದ ಜಾಗದ ಬೆಂಚಿನ ಮೇಲೆ ಕುಳಿತುಬಿಟ್ಟರು.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆ ಫ್ಯೂನರಲ್ ಹೋಮಿನೊಳಗೆ, ಮೆತ್ತೆ ಹಾಸಿದ ಪೆಟ್ಟಿಗೆಯಲ್ಲಿ ಅವರ ಹೆಂಡತಿ ಈರವ್ವ ಹಸಿರು ಇಳಕಲ್ ಸೀರೆ ಉಟ್ಟು ಮಲಗಿದ್ದರು. ಎಂಬತ್ತೆರಡು ವರ್ಷದ ಮುತ್ತೈದೆ ಸಾವು. ಹಣೆಗೆ ಕೊನೆಯ ವಿಭೂತಿ ಗಂಡನೇ ಹಚ್ಚಬೇಕು, ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಅವರ ಅಂಗೈಯಲ್ಲಿ ಇಡಬೇಕು. ಅದಾದ ಮೇಲೆಯೇ ಪೆಟ್ಟಿಗೆ ಮುಚ್ಚಿ ಲಾಸ್ ಗ್ಯಾಟೋಸ್ ಕಡೆಯ ಗುಡ್ಡದ ಬುಡದ ಸ್ಮಶಾನಕ್ಕೆ ಒಯ್ದು ಮಣ್ಣು ಕೊಡುವುದು. ಆ ಹಾಲ್ ಇವರ ಪಾಲಿಗಿದ್ದದ್ದು ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಇನ್ನೊಂದು ಮನೆಯವರು ತಮ್ಮ ಹೆಣದೊಂದಿಗೆ ಬರುವವರಿದ್ದರು. ಈ ಊರಿನಲ್ಲಿ ಸತ್ತವರಿಗೂ ಸ್ಲಾಟು ತಪ್ಪಿದ್ದಲ್ಲ.

ಮಗ ಸಂತೋಷಕುಮಾರ ಬೆಂಚಿನ ಬಳಿ ಬಂದ. "ಅಪ್ಪಾ, ಏಳ್ರಿ. ಎಲ್ಲಾರೂ ನಿಮಗ ಕಾಯಾಕತ್ತಾರ."

"ಮೊದಲ ಅಂವ ಯಾರು ಅಂತ ಹೇಳು."

"ಯಾರ್‍ರಿ?"

"ನಿಮ್ಮವ್ವನ ಬಾಜೂಕ ನಿಂತಾನಲ್ಲ, ಮೀಸಿ ಬಿಟ್ಟಾಂವ."

ಸಂತೋಷಕುಮಾರನಿಗೆ ತಲೆಬುಡ ತಿಳಿಯಲಿಲ್ಲ. "ಅದು ನೀವ ಅಲ್ಲೇನ್ರಿ?"

"ನಾ ಹುಟ್ಟಿದಾಗಿಂದ ಮೀಸಿ ಬಿಟ್ಟಾಂವಲ್ಲ," ಎಂದರು ಸೋಮಲಿಂಗಪ್ಪನವರು.

ಇದೆಲ್ಲ ಆದದ್ದು ಮಾಧುರಿಯ ಒಳ್ಳೆಯ ಮನಸ್ಸಿನಿಂದ. ಸ್ಲೈಡ್‌ಶೋ ಮಾಡಲು ಅವಳು ಮನೆಯ ಫೋಟೊಗಳನ್ನೆಲ್ಲ ಜಾಲಾಡಿದ್ದಳು. ಅಜ್ಜಿ ಹೋಳಿಗೆ ಲಟ್ಟಿಸುವುದಿತ್ತು, ಗೋಲ್ಡನ್ ಗೇಟಿನ ಗಾಳಿಗೆ ಸೆರಗು ಹಿಡಿದುಕೊಂಡು ಕಣ್ಣು ಮುಚ್ಚಿದ್ದಿತ್ತು, ಡೇಕೇರಿನ ಗೇಟಿನಲ್ಲಿ ಇವಳನ್ನೇ ಎತ್ತಿಕೊಂಡದ್ದಿತ್ತು. ಅಜ್ಜ ಅಜ್ಜಿ ಇಬ್ಬರೇ ಇರುವ ಒಂದು ಫೋಟೊ ಮಾತ್ರ ಎಲ್ಲೂ ಸಿಗಲಿಲ್ಲ. ಕಡೆಗೆ ಅಜ್ಜಿಯ ಪಾಸ್‌ಪೋರ್ಟಿನ ಕವರಿನೊಳಗೆ, ನಾಲ್ಕು ಕಡೆ ಬಿರುಕು ಬಿಟ್ಟ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. ಜಡೆಗೆ ಹೂ ಮುಡಿದ ಹತ್ತೊಂಬತ್ತರ ಅಜ್ಜಿ, ಪಕ್ಕದಲ್ಲಿ ಕೋಟು ತೊಟ್ಟ ತರುಣ. ಅಜ್ಜನಲ್ಲದೆ ಇನ್ಯಾರು? ಅವಳು ಖುಷಿಯಿಂದ ಅದನ್ನು ಆ್ಯಪಿಗೆ ಹಾಕಿ, ಬಿರುಕು ಮುಚ್ಚಿ, ಕಲೆಗಳನ್ನು ಅಳಿಸಿ, ಬಣ್ಣ ತುಂಬಿಸಿ, ಕಣ್ಣಿಗೆ ಹೊಳಪು ಕೊಟ್ಟು, ಬಾಗಿಲಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿ ಪೆಟ್ಟಿಗೆಯ ಪಕ್ಕ ನಿಲ್ಲಿಸಿದ್ದಳು. ಅಜ್ಜನಿಗೆ ಹೇಳಿರಲಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ಸೋಮಲಿಂಗಪ್ಪನವರ ಕಣ್ಣು ಮಂಜು. ಅವರು ಮೊದಲು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಮಂಡ್ಯ ಕಡೆಯ ಶಿವಪ್ರಕಾಶ್, ಸಂತೋಷಕುಮಾರನ ಆಫೀಸಿನವನು, ಸಾವಿನ ಮನೆಯಲ್ಲೂ ಸುಮ್ಮನಿರಲು ಬಾರದ ಪ್ರಾಣಿ, ಅವರ ಕೈ ಹಿಡಿದುಕೊಂಡು ಹೇಳಿದ್ದ: "ಏನ್ ಪರ್ಸನಾಲಿಟಿ ಸಾರ್ ನಿಮ್ದು ಆಗ! ಆ ಮೀಸೆ ಏನು, ಆ ಕೋಟೇನು! ಸಿನಿಮಾಗ್ ಹೋಗ್ಬೇಕಿತ್ತು ಸಾರ್ ನೀವು!" ಆಗ ಮುದುಕರು ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದ್ದರು.

ಎಂಬತ್ತೆಂಟರ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಬರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಜಗಳವಾಡಲು ಹೆಂಡತಿ ಬದುಕಿಲ್ಲದಾಗ ಅದು ಇನ್ನೂ ಕೆಟ್ಟದು.

ಒಳಗೆ ಗುಸುಗುಸು ಶುರುವಾಯಿತು. ಅಣ್ಣನೋ ತಮ್ಮನೋ ಇರಬಹುದೆಂದು ಒಬ್ಬರು ಅಂದರು. ಈರವ್ವನಿಗೆ ಒಡಹುಟ್ಟಿದ ಗಂಡುಮಕ್ಕಳೇ ಇರಲಿಲ್ಲ. ಮೊದಲು ಗೊತ್ತುಮಾಡಿದ್ದ ವರ ಇರಬಹುದೇನೋ ಎಂದು ಶಿವಪ್ರಕಾಶ್ ಹೇಳಹೊರಟಾಗ ನಿವೇದಿತಾ ಅವನನ್ನು ಕಣ್ಣಲ್ಲೇ ಗದರಿಸಿದಳು.

"ಡ್ಯಾಡ್, ಐ ಡೋಂಟ್ ಗೆಟ್ ಇಟ್," ಎಂದಳು ಮಾಧುರಿ ಅಳುತ್ತ. "ಅಜ್ಜಿ ಇಷ್ಟು ವರ್ಷ ಪಾಸ್‌ಪೋರ್ಟಲ್ಲಿ ಇಟ್ಕೊಂಡಿದ್ರು. ಇಟ್ ಮಸ್ಟ್ ಬಿ ಅಜ್ಜ!"

ಸಂತೋಷಕುಮಾರನಿಗೆ ಒಳಗೊಳಗೇ ಭಯವಾಯಿತು. ಅವ್ವನ ಬಗ್ಗೆ ತನಗೆ ತಿಳಿದಿರುವುದೆಷ್ಟು ಎಂದು ಅವನು ಇವತ್ತಿನವರೆಗೆ ಯೋಚಿಸಿರಲಿಲ್ಲ. ಯೋಚಿಸಲು ಇದು ಒಳ್ಳೆಯ ದಿನವೂ ಆಗಿರಲಿಲ್ಲ.

*

ಸಾವಿರದ ಒಂಬೈನೂರ ಅರವತ್ತೆರಡು. ಹೊಸ ಪೈಸೆ ಬಂದು ವರ್ಷಗಳಾಗಿದ್ದರೂ ಗದಗಿನ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ಅಂಗಡಿಗಳಲ್ಲಿ ಸೇರು ಹೋಗಿ ಕಿಲೊ ಬಂದಿತ್ತು, ತಮಗೆ ಮೋಸವಾಯಿತೆಂದು ಕೊಳ್ಳುವವರೂ ಹೇಳುತ್ತಿದ್ದರು, ಮಾರುವವರೂ ಹೇಳುತ್ತಿದ್ದರು. ಹತ್ತಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಸೋಮಲಿಂಗಪ್ಪನಿಗೆ ಮದುವೆಯಾಗಿ ಐದಾರು ತಿಂಗಳು. ಯಾವ ವಸ್ತುವನ್ನು ಕಂಡರೂ ಅವನು ಮೊದಲು ಅದರ ಬೆಲೆ ಕೇಳುತ್ತಿದ್ದ, ಆಮೇಲೆ ಅಷ್ಟು ದುಡ್ಡಿಗೆ ಎಷ್ಟು ಜೋಳ ಬರುತ್ತದೆಂದು ಹೇಳುತ್ತಿದ್ದ. ಮಲ್ಲಿಗೆ ಮೊಳಕ್ಕೆ ಒಂದಾಣೆ ಅಂದರೆ ಅವನಿಗೆ ಹೂವಿನ ಬದಲು ರೊಟ್ಟಿ ಕಾಣುತ್ತಿತ್ತು.

ಭಾನುವಾರ ಸಂಜೆ ಇಬ್ಬರೂ ಸ್ಟೇಷನ್ ರೋಡಿಗೆ ಹೋಗುತ್ತಿದ್ದರು. ಅಲ್ಲೊಂದು ಹೋಟೆಲಿನಲ್ಲಿ ದೊಡ್ಡ ರೇಡಿಯೊ ಇತ್ತು. ಒಳಗೆ ಕೂತರೆ ಚಹಾಕ್ಕೆ ದುಡ್ಡು. ಇವರು ಎದುರಿನ ಬೇವಿನ ಮರದ ಕೆಳಗೆ ನಿಂತು ಸಿನಿಮಾ ಹಾಡು ಕೇಳುತ್ತಿದ್ದರು. "ಹಾಡು ಪುಕ್ಕಟೆ, ದುಡ್ಡು ಬರೇ ಚಹಾಕ್ಕ," ಎಂದು ಸೋಮಲಿಂಗಪ್ಪ ಪ್ರತಿ ವಾರ ಹೇಳುತ್ತಿದ್ದ, ಪ್ರತಿ ವಾರ ಈರವ್ವ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು.

ಹಾಗೊಂದು ಸಂಜೆ ಅವಳು ಹೊಸ ಫೋಟೊ ಸ್ಟುಡಿಯೋದ ಗಾಜಿನ ಮುಂದೆ ನಿಂತಳು. ಒಳಗೆ ಸಾಲಾಗಿ ಜೋಡಿಗಳು, ಗಂಡ ಕುರ್ಚಿಯಲ್ಲಿ ಕೂತು ಹೆಂಡತಿ ಹಿಂದೆ ನಿಂತವರು, ಇಬ್ಬರೂ ನಿಂತವರು.

"ನಾವೂ ಒಂದು ತಗಸೋಣೇನ್ರಿ?"

"ಎಷ್ಟಂತ?"

"ಮೂರು ರೂಪಾಯಿ. ಮೂರು ಕಾಪಿ ಕೊಡ್ತಾನಂತ."

"ಮೂರು ರೂಪಾಯಿಗೆ ವಾರದ ಜ್ವಾಳ ಬರ್ತೈತಿ," ಎಂದ ಸೋಮಲಿಂಗಪ್ಪ. "ನಾ ದಿನಾ ಮನ್ಯಾಗ ಕಣ್ಣಮುಂದ ಇರ್ತೀನಲ್ಲ, ನೋಡ್ಕೋ. ಪುಕ್ಕಟೆ."

ಈರವ್ವ ಆಗಲೂ ನಕ್ಕಳು. ಮತ್ತೆಂದೂ ಕೇಳಲಿಲ್ಲ. ಕೇಳಲಿಲ್ಲವಾದ್ದರಿಂದ ಅವಳಿಗೆ ಬೇಕಿಲ್ಲವೆಂದು ಅವನು ತಿಳಿದ. ಮುಂದೆ ಕೈಯಲ್ಲಿ ದುಡ್ಡಾಡಿತು, ಮನೆಗೆ ಕ್ಯಾಮೆರಾಗಳು ಬಂದವು. ಆದರೆ ಒಮ್ಮೆ ಹಿಡಿದ ಹಟ ಅಷ್ಟರಲ್ಲಿ ಸ್ವಭಾವವಾಗಿತ್ತು. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಸೋಮಲಿಂಗಪ್ಪನವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು.

*

"ನೀಲವ್ವಗ ಫೋನ್ ಹಚ್ಚರಿ," ಎಂದಳು ನಿವೇದಿತಾ. "ಅತ್ತಿಯವರ ಗೆಳತಿ. ಅವರಿಗೆ ಗೊತ್ತಿಲ್ಲಂದ್ರ ಯಾರಿಗೂ ಗೊತ್ತಿಲ್ಲ."

ಗದಗಿನಲ್ಲಿ ಆಗ ನಡುರಾತ್ರಿ, ನೀಲವ್ವ ಇನ್ನೂ ಮಲಗಿರಲಿಲ್ಲ. ಗೆಳತಿಯ ಮಣ್ಣು ಆಗುವ ತನಕ ಅಡ್ಡಾಗುವುದಿಲ್ಲವೆಂದು ಕುಳಿತಿದ್ದರಂತೆ. ಸಂತೋಷಕುಮಾರ ಫೋನನ್ನು ಬೆಂಚಿನ ಬಳಿ ಹಿಡಿದ. ತೆರೆಯ ಮೇಲೆ ಬೊಚ್ಚು ಬಾಯಿಯ ಒಂದು ಮುಖ ಕಾಣಿಸಿಕೊಂಡಿತು.

"ಆತೇನಪಾ ಮಣ್ಣು?"

"ಇಲ್ರಿ. ಒಂದು ಫೋಟೊ ನೋಡ್ರಿ. ಅವ್ವನ ಬಾಜೂಕ ಇದ್ದಾಂವ ಯಾರು?"

ಮಾಧುರಿ ಆ ದೊಡ್ಡ ಫೋಟೊವನ್ನು ಹೊತ್ತು ತಂದು ಫೋನಿನ ಮುಂದೆ ಹಿಡಿದಳು. ಸೋಮಲಿಂಗಪ್ಪನವರು ಬೇರೆ ಕಡೆ ಮುಖ ತಿರುಗಿಸಿದರು, ಕಿವಿ ಮಾತ್ರ ಇತ್ತಲೇ ಇತ್ತು.

ನೀಲವ್ವ ನೋಡಿದರು. ನೋಡುತ್ತ ನೋಡುತ್ತ ಅವರ ಮೈಯೆಲ್ಲ ಕುಲುಕತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ತಿಳಿದರು. ಅವರು ನಗುತ್ತಿದ್ದರು.

"ಅಯ್ಯ ಶಿವನ! ಇಂವ ಇನ್ನೂ ಅದಾನೇನು?"

"ಯಾರಂವ?" ಎಂದರು ಸೋಮಲಿಂಗಪ್ಪನವರು. ತಡೆಯಲಾಗಲಿಲ್ಲ.

"ಹಲಗಿರೀ ಅಣ್ಣಾರ, ಹಲಗಿ! ಫೋಟೊ ಸ್ಟುಡಿಯೋದಾಂವ ಹಲಗಿ ಮ್ಯಾಲ ಆಳೆತ್ತರದ ಸಿನಿಮಾ ಹೀರೋನ ಬರಿಸಿ, ಕತ್ತರಿಸಿ ನಿಂದರಿಸಿದ್ದ. ಯಾವ ಹೀರೋ ಅಂತ ಬಣ್ಣಾ ಹಚ್ಚಿದಾಂವಗೂ ಗೊತ್ತಿದ್ದಿಲ್ಲ. ಮೀಸಿ ಒಬ್ಬಂದು, ಕೂದಲಾ ಇನ್ನೊಬ್ಬಂದು. ಬೀಳಬಾರದಂತ ಕಾಲಾಗ ಇಟ್ಟಿಗಿ ಬ್ಯಾರೆ ಇಟ್ಟಿದ್ದ. ಇದಕ್ಯಾಕ ಇಷ್ಟು ಜೀವಾ ತುಂಬೀರಿ?"

ಮಾಧುರಿ ತನ್ನ ಫೋನಿನಲ್ಲಿ ಹಳೆಯ ಫೋಟೊ ತೆರೆದು ಹಿಗ್ಗಿಸಿದಳು. ತರುಣನ ಬೂಟಿನ ಪಕ್ಕ ಚೌಕಾಕಾರದ ಒಂದು ಮಸುಕು.

"ಓ ಮೈ ಗಾಡ್. ಇದನ್ನ ನಾನು ಸ್ಟೇನ್ ಅನ್ಕೊಂಡೆ. ಅಜ್ಜಾ, ಐ ಇರೇಸ್ಡ್ ದ ಬ್ರಿಕ್!"

ಸಾವಿನ ಮನೆಯಲ್ಲಿ ನಗು ಎದ್ದಿತು. ಶಿವಪ್ರಕಾಶ್ ಹಣೆ ಚಚ್ಚಿಕೊಂಡ. "ಹಲ್ಗೆಗ್ ಹೋಗಿ ಪರ್ಸನಾಲಿಟಿ ಅಂದ್ಬುಟ್ನಲ್ಲಪ್ಪ!" ಸಂತೋಷಕುಮಾರನೂ ಕಣ್ಣೊರೆಸಿಕೊಂಡು ನಕ್ಕ. ಸೋಮಲಿಂಗಪ್ಪನವರ ಮುಖವೂ ಸಡಿಲವಾಯಿತು. ಆದರೆ ಅದು ಸ್ವಲ್ಪ ಹೊತ್ತು ಮಾತ್ರ.

"ಹಲಗಿ ಜೋಡಿ ಯಾಕ ನಿಂತ್ಲು?" ಎಂದು ಅವರು ಕೇಳಿದರು.

ಆ ಕಡೆ ನೀಲವ್ವನ ನಗು ನಿಂತಿತು.

*

ಗಂಡ ಬೇಡವೆಂದ ಕೆಲವು ದಿನಗಳ ಮೇಲೆ ಈರವ್ವ ಮತ್ತು ನೀಲವ್ವ ಮಠದ ಪ್ರವಚನಕ್ಕೆಂದು ಹೇಳಿ ಮನೆಯಿಂದ ಹೊರಟಿದ್ದರು. ನಿಜವಾಗಿ ಹೊರಟದ್ದು ಮ್ಯಾಟಿನಿಗೆ, ಹೆಂಗಸರ ಬೆಂಚಿಗೆ. ಸ್ಟುಡಿಯೋದ ಗಾಜು ಬಂದಾಗ ಈರವ್ವನ ಕಾಲು ನಿಂತಿತು. ಒಬ್ಬರೇ ತೆಗೆಸಿಕೊಂಡರೆ ಒಂದೂಕಾಲು ರೂಪಾಯಿ, ಹೀರೋ ಪುಕ್ಕಟೆ ಎಂದ ಸ್ಟುಡಿಯೋದವನು. ಇಬ್ಬರೂ ಸಿನಿಮಾ ಅಲ್ಲಿಗೇ ಕೈಬಿಟ್ಟರು.

ನೀಲವ್ವ ಹೀರೋನ ಹೆಗಲ ಮೇಲೆ ಕೈ ಹಾಕಿ, ಕಿಸಕ್ಕನೆ ನಗುತ್ತ ತನ್ನದನ್ನು ತೆಗೆಸಿಕೊಂಡಳು. ಈರವ್ವ ಮಾತ್ರ ಹಲಗೆಯಿಂದ ಒಂದು ಗೇಣು ದೂರ ನಿಂತಳು.

"ಹತ್ತರ ನಿಲ್ಲಬೇ. ಹಲಗಿ ಏನ್ ಕಚ್ಚತೈತಿ?" ಎಂದ ಸ್ಟುಡಿಯೋದವನು.

"ಇಲ್ಲೇ ಛಲೋ ಐತಿ," ಎಂದಳು ಈರವ್ವ. "ಇದು ನಮ್ಮನಿಯವರು ನಿಲ್ಲೂ ಜಾಗಾ. ಅವರು ಒಪ್ಪೂತನಕ ಇವನ್ನ ನಿಂದರಿಸೀನಿ, ಅಷ್ಟ."

ಸ್ಟುಡಿಯೋದವನು ಕರಿಯ ಬಟ್ಟೆಯೊಳಗೆ ತಲೆ ಹಾಕಿದ. ಉಸಿರು ಬಿಡಬೇಡಿ, ನಾನು 'ಆತು' ಅನ್ನುವ ತನಕ ಅಲ್ಲಾಡಬೇಡಿ ಎಂದ.

*

ಅಷ್ಟು ಹೇಳಿ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೋಮಲಿಂಗಪ್ಪನವರಿಗೆ ಇಷ್ಟು ಹೊತ್ತು ಆ ಮೀಸೆಯವನ ಮೇಲಿದ್ದ ಸಿಟ್ಟಿಗೆ ಈಗ ಅವರನ್ನೇ ಬಿಟ್ಟರೆ ಹೋಗಲು ಬೇರೆ ಮನೆಯಿರಲಿಲ್ಲ.

"ಹುಚ್ಚಿ," ಎಂದರು. "ಇನ್ನೊಮ್ಮೆ ಕೇಳಿದ್ದರ ಒಪ್ತಿದ್ದೆ."

ಒಪ್ಪುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅವರು ಎದ್ದು ಒಳಗೆ ನಡೆದರು. ಈರವ್ವನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಹಚ್ಚಿದರು. ಇಷ್ಟಲಿಂಗ ಬಿಚ್ಚಿ ಅಂಗೈಯಲ್ಲಿಟ್ಟು, ತಣ್ಣಗಿದ್ದ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಪೆಟ್ಟಿಗೆ ಮುಚ್ಚಲು ಫ್ಯೂನರಲ್ ಹೋಮಿನ ಮ್ಯಾನೇಜರ್ ಹೆಂಗಸು ಮುಂದೆ ಬಂದಳು.

"ತಡೀರಿ," ಎಂದರು ಸೋಮಲಿಂಗಪ್ಪನವರು. "ಮಾಧುರಿ, ನಮ್ಮಿಬ್ಬರದೂ ಒಂದು ತಗಿಯವಾ."

"ಈಗೇನ್ರಿ ಅಪ್ಪಾ?"

"ಮತ್ಯಾವಾಗ?"

ಅವರು ಪೆಟ್ಟಿಗೆಗೆ ತಾಗಿ ನಿಂತರು. ಮಾಧುರಿ ಫೋನು ಎತ್ತಿ, ಹಿಂದೆ ಸರಿದು, ಮುಂದೆ ಬಂದು ನೋಡಿದಳು. "ಅಜ್ಜಾ, ಅಜ್ಜಿ ಕಾಣ್ತಿಲ್ಲ. ಬರೀ ಬಾಕ್ಸ್ ಬರ್ತಿದೆ."

"ನಮ್ಮ ಕಡೆ ಸತ್ತವರನ್ನ ಕೂಡಸ್ತಾರವಾ. ಕೂಡಸಿ, ಶೃಂಗಾರ ಮಾಡಿ, ಮನಿಮಂದಿ ಮಗ್ಗಲಕ ನಿಂತು ತಗಸ್ತಾರ. ಹಿಂಗ ಮಲಗಿದಾಕಿ ಜೋಡಿ ನಾ ಹೆಂಗ ನಿಲ್ಲಲಿ?"

ಸಂತೋಷಕುಮಾರ ಅದನ್ನು ಮ್ಯಾನೇಜರಿಗೆ ವಿವರಿಸಲು ಒದ್ದಾಡಿದ. ಕೂಡಿಸಲು ಸಾಧ್ಯವೇ ಇಲ್ಲ ಎಂದಳು ಅವಳು. ಮುದುಕರ ಮುಖವನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಉದ್ದನೆಯ ಕಬ್ಬಿಣದ ಹಿಡಿಕೆ ತಂದು, ಪೆಟ್ಟಿಗೆಯ ತುದಿಯಲ್ಲಿದ್ದ ತೂತಿಗೆ ಸಿಕ್ಕಿಸಿ ತಿರುಗಿಸಿದಳು. ಒಳಗಿನ ಮೆತ್ತೆ ತಲೆಯ ಕಡೆಯಿಂದ ಮೆಲ್ಲಗೆ ಏರತೊಡಗಿತು. ಮೊದಲು ಹೂ ಕಂಡಿತು, ಆಮೇಲೆ ವಿಭೂತಿ, ಆಮೇಲೆ ಮೂಗುತಿ. ಪೆಟ್ಟಿಗೆಯ ಅಂಚಿನ ಮೇಲೆ ಈರವ್ವನ ಮುಖ ಪೂರ್ತಿಯಾಗಿ ಬಂತು.

ಸೋಮಲಿಂಗಪ್ಪನವರು ಕೋಲನ್ನು ಮಗನ ಕೈಗೆ ಕೊಟ್ಟರು. ಕೋಟಿನ ಗುಂಡಿಗಳನ್ನು ಹಾಕಿಕೊಂಡರು. ಒಂದು ಕೈಯನ್ನು ಹೆಂಡತಿಯ ಹೆಗಲ ಮೇಲಿಟ್ಟು, ಗದ್ದ ಮೇಲೆತ್ತಿ, ಉಸಿರು ಬಿಗಿ ಹಿಡಿದರು.

ಬಾಗಿಲಲ್ಲಿ ಇನ್ನೊಂದು ಮನೆಯವರು ಹೂಗುಚ್ಛ ಹಿಡಿದು ಬಂದು ನಿಂತಿದ್ದರು. ಇದು ಇವರ ಯಾವುದೋ ವಿಧಿಯಿರಬೇಕೆಂದುಕೊಂಡು ಒಬ್ಬ ಮುದುಕ ತಲೆಯ ಮೇಲಿನ ಟೋಪಿ ತೆಗೆದ. ಫೋನು ಸದ್ದಿಲ್ಲದೆ ಫೋಟೊ ತೆಗೆದಾಗಿತ್ತು. ಮಾಧುರಿ ಅದನ್ನು ಕೆಳಗಿಳಿಸಿದ್ದಳು. ಸೋಮಲಿಂಗಪ್ಪನವರು ರೆಪ್ಪೆ ಬಡಿಯದೆ, ಉಸಿರಾಡದೆ, ಹಾಗೆಯೇ ನಿಂತಿದ್ದರು. 'ಆತು' ಎಂದು ಅವರಿಗೆ ಯಾರೂ ಹೇಳಲಿಲ್ಲ.