ಒನ್ ಪಿಚ್ ಕ್ಯಾಚ್

ಬಾಯಿ ಮುಚ್ಚಿಕೊಂಡು ಕೂರುವ ಕೆಲಸಕ್ಕೆ ನನ್ನನ್ನು ಆರಿಸಿದ್ದೇ ನನ್ನ ತಂಗಿ ಯಾಮಿನಿ ಮಾಡಿದ ಮೊದಲ ತಪ್ಪು. ಈ ದೇಶದಲ್ಲಿ ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಧೈರ್ಯಕ್ಕೆ ಮಾತ್ರ, ತುಟಿ ಬಿಚ್ಚುವಂತಿಲ್ಲ. ಪೆನ್‌ರೋಸಿನ ಗೋದಾಮಿನಲ್ಲಿ ದಿನವಿಡೀ ಟ್ರಕ್ ಡ್ರೈವರುಗಳ ಮೇಲೆ ಕೂಗಾಡುವ ನಾನು ರಜೆ ಹಾಕಿ, ಬೆಳಗಿನ ವಿಮಾನ ಹತ್ತಿ ಅವಳ ವಿಶ್ವವಿದ್ಯಾಲಯವಿರುವ ಡನೀಡಿನ್‌ಗೆ ಬಂದು ಕೈಕಟ್ಟಿ ಕೂತಿದ್ದೆ.

ಅವಳ ವಿಷಯ, ಹಳೇ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಬ್ಯಾಟು-ಚೆಂಡಿನ ಆಟಗಳು. ಅದಕ್ಕೆ ನಾಲ್ಕು ವರ್ಷ ಯಾಕೆ ಬೇಕೆಂದು ಕೇಳಿ ಬೈಸಿಕೊಂಡಿದ್ದೇನೆ. ಇನ್ನೂರೈವತ್ತು ವರ್ಷ ಹಿಂದಿನ, ಈಗ ಯಾರೂ ಓದದ ಒಂದು ಕಾದಂಬರಿಯಲ್ಲಿ ಅವಳಿಗೆ ಅರ್ಧ ಪುಟ ಸಿಕ್ಕಿತ್ತು. ಪಾದ್ರಿಯ ಮಗಳು ಕೋಲಿನಿಂದ ಚೆಂಡು ಹೊಡೆಯುತ್ತಾಳೆ. ಅದು ಒಮ್ಮೆ ನೆಲಕ್ಕೆ ಬಿದ್ದು ಪುಟಿಯುತ್ತದೆ, ಗೆಳತಿ ಹಿಡಿಯುತ್ತಾಳೆ, ಪಾದ್ರಿಯ ಮಗಳು ಮುಖ ಊದಿಸಿಕೊಂಡು ಕೋಲು ಕೊಟ್ಟುಬಿಡುತ್ತಾಳೆ. ಆಟದ ಹೆಸರಿಲ್ಲ. ಇದು ಕ್ರಿಕೆಟ್ಟೇ, ಕಾದಂಬರಿಯಲ್ಲಿ ಹೆಂಗಸರು ಕ್ರಿಕೆಟ್ ಆಡಿದ್ದಕ್ಕೆ ಇದಕ್ಕಿಂತ ಹಳೆಯ ಉಲ್ಲೇಖವಿಲ್ಲ ಎಂದು ಯಾಮಿನಿ ವಾದಿಸಿದ್ದಳು. ಇಡೀ ಪ್ರಬಂಧ ನಿಂತಿದ್ದೇ ಅದರ ಮೇಲೆ. ಇವತ್ತು ಪಾಸಾದರೆ ಮುಂದಿನ ತಿಂಗಳಿಂದ ಇದೇ ವಿಭಾಗದಲ್ಲಿ ಪಾಠ ಮಾಡುವ ಕೆಲಸ. ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಬಿಳಿಗೂದಲಿನ ಪರೀಕ್ಷಕಿ ಕನ್ನಡಕ ತೆಗೆದು ಮೆತ್ತಗೆ ಕೇಳಿದರು.

“ಚೆಂಡು ಪುಟಿದ ಮೇಲೆ ಹಿಡಿದಿದ್ದಾರೆ, ಆದರೂ ಅವಳು ಔಟು. ಆ ಕಾಲದ ಕ್ರಿಕೆಟ್ಟಿನಲ್ಲೂ ನೆಲ ಮುಟ್ಟುವ ಮೊದಲೇ ಹಿಡಿಯಬೇಕಿತ್ತು. ಹಾಗಾದರೆ ಇದು ಕ್ರಿಕೆಟ್ ಹೇಗೆ?”

ನನಗೆ ತಕ್ಷಣ ಹೊಳೆಯಿತು. ಒನ್ ಪಿಚ್ ಕ್ಯಾಚ್! ಮೈಸೂರಿನ ನಮ್ಮ ಬೀದಿ ಇಕ್ಕಟ್ಟು, ಜೋರಾಗಿ ಹೊಡೆದರೆ ಸುಶೀಲಾ ಆಂಟಿಯ ಕಿಟಕಿ ಗಾಜು ಪುಡಿ. ಅದಕ್ಕೇ ಒಂದು ಪಿಚ್ ಬಿದ್ದ ಚೆಂಡು ಹಿಡಿದರೂ ಔಟು ಎಂದು ನಾವು ಮಕ್ಕಳೇ ಮಾಡಿಕೊಂಡಿದ್ದ ನಿಯಮ. ಅದನ್ನೇ ಆಡಿ ಬೆಳೆದ ಯಾಮಿನಿ, ಅನುಮಾನಪಡಬೇಕಾದ ಜಾಗದಲ್ಲಿ ಖುಷಿಪಟ್ಟುಬಿಟ್ಟಿದ್ದಾಳೆ. ಅವಳ ಗೈಡಿಗೋ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ.

ಯಾಮಿನಿಯ ಕುತ್ತಿಗೆ ಕೆಂಪಾಯಿತು. ಪರದೆಯ ಮೇಲಿದ್ದ ಇನ್ನೊಬ್ಬ ಪರೀಕ್ಷಕರಿಗೆ ಕನಿಕರ ಬಂದಿರಬೇಕು. “ಹಳ್ಳಿಗಳಲ್ಲಿ ಬೇರೆ ನಿಯಮ ಇದ್ದಿರಬಹುದು. ಅಂಥ ಆಧಾರ ಏನಾದರೂ ನೋಡಿದ್ದೀರಾ?” ಎಂದರು.

ನೋಡಿದ್ದೇನೆ ಅಂದರೆ ಸಾಕಿತ್ತು. ಹೂಂ ಅನ್ನೇ ಮಾರಾಯ್ತಿ, ಎಂದು ಮನಸ್ಸಲ್ಲೇ ಅಂದುಕೊಂಡು ಮೇಜಿನ ಕೆಳಗೆ ಅವಳ ಕಾಲು ಒದ್ದೆ. ನಮ್ಮ ಬೀದಿಯಲ್ಲಿ ಅಂಪೈರ್ ಇರಲಿಲ್ಲ. ಔಟಾದವರು ತಾವೇ ಒಪ್ಪಿಕೊಂಡು ಬ್ಯಾಟ್ ಕೊಡಬೇಕಿತ್ತು. ಇವಳು ಒಂದು ದಿನವೂ ಒಪ್ಪಿದವಳಲ್ಲ. “ಟ್ರಯಲ್ ಬಾಲ್, ಲೆಕ್ಕಕ್ಕಿಲ್ಲ” ಎಂದು ಕಿರುಚಿ, ಬ್ಯಾಟ್ ತಬ್ಬಿಕೊಂಡು ಮನೆಗೆ ಓಡುತ್ತಿದ್ದಳು. ಆ ಹಟ ಈಗ ಒಂದೇ ನಿಮಿಷ ಬರಲಿ ಎಂದು ನಾನು ಬೇಡಿಕೊಂಡೆ.

ಅವಳು ನನ್ನತ್ತ ತಿರುಗಿ ನೋಡಿದಳು. ಆಮೇಲೆ ಪರೀಕ್ಷಕರ ಕಡೆ ತಿರುಗಿದಳು.

“ಇಲ್ಲ, ಅಂಥ ಆಧಾರ ಎಲ್ಲೂ ನೋಡಿಲ್ಲ. ಪುಟಿದ ಮೇಲೆ ಹಿಡಿದರೂ ಔಟು ಅನ್ನುವುದು ನಾನು ಬೆಳೆದ ಬೀದಿಯ ನಿಯಮ. ನನಗೇ ಗೊತ್ತಿಲ್ಲದೆ ಅದನ್ನು ಆ ಹುಡುಗಿಯ ಮೇಲೆ ಹೊರಿಸಿದ್ದೇನೆ. ಅವಳು ಆಡಿದ್ದು ಯಾವ ಆಟವೋ ನನಗೆ ಗೊತ್ತಿಲ್ಲ.”

ನಮ್ಮನ್ನು ಹೊರಗೆ ಕಳಿಸಿ, ಮತ್ತೆ ಕರೆದು ತೀರ್ಪು ಹೇಳಿದರು. ಆ ವಾದ ಬಿಟ್ಟು ಪ್ರಬಂಧವನ್ನು ಹೊಸದಾಗಿ ಬರೆಯಬೇಕು, ಪರೀಕ್ಷೆ ಇನ್ನೊಮ್ಮೆ. ಕೆಲಸ ಅಷ್ಟು ದಿನ ಕಾಯುವುದಿಲ್ಲ. ಬಿಳಿಗೂದಲಿನಾಕೆ ಎದ್ದು ಬಂದು ಅವಳ ಕೈ ಕುಲುಕಿದರು. ನನಗೆ ಆಕೆಯನ್ನು ಸುಟ್ಟುಬಿಡುವಷ್ಟು ಸಿಟ್ಟಿತ್ತು.

ಕಾರಿಡಾರಿನಲ್ಲಿ ನನ್ನ ಬಾಯಿ ಬಿಚ್ಚಿಕೊಂಡಿತು. “ಯೆಸ್ ಅಂದಿದ್ರೆ ಮುಗೀತಿತ್ತಲ್ಲೇ! ವಿಕೆಟ್ ಇಟ್ಟಿಗೆ ಉರುಳಿದ್ರೂ ಔಟಿಲ್ಲ ಅಂತಿದ್ದೋಳು ನೀನು. ಇವತ್ತೇ ಬೇಕಿತ್ತಾ ನಿಂಗೆ ಈ ಸತ್ಯ?”

“ಆಗ ಬ್ಯಾಟ್ ನಮ್ದಾಗಿತ್ತಲ್ಲ ಅಕ್ಕ,” ಎಂದು ನಗಲು ಹೋದವಳು ಅಳತೊಡಗಿದಳು. “ಪಾದ್ರಿ ಮಗಳನ್ನ ನೋಡು. ಮುಖ ಊದಿಸ್ಕೊಂಡಾದ್ರೂ ಕೋಲು ಕೊಟ್ಳು. ನಾಲ್ಕು ವರ್ಷ ಅವಳ ಜೊತೆನೇ ಇದ್ದು, ನಾನು ಕೊಡ್ದಿದ್ರೆ ಹೇಗೆ?”

ಬೈಯುವುದು ಇನ್ನೂ ಬೇಕಾದಷ್ಟಿತ್ತು. ಬಾಯಿ ಮುಚ್ಚಿಕೊಂಡು ಅವಳ ಬ್ಯಾಗನ್ನು ಹೆಗಲಿಗೇರಿಸಿಕೊಂಡೆ.