ಅಳು ಸರಿಯಿಲ್ಲ ಎಂದವಳು

ತುಮಕೂರಿನ ಉಪ್ಪಾರಹಳ್ಳಿಯ ಹೊಂಬಾಳಮ್ಮ ಸಿನಿಮಾ ಸೀರಿಯಲ್ಲುಗಳನ್ನು ನೋಡುತ್ತಿದ್ದಳು ಅನ್ನುವುದಕ್ಕಿಂತ ಕೇಳುತ್ತಿದ್ದಳು ಅನ್ನುವುದೇ ಸರಿ. ಬ್ಲೌಸ್ ಹೊಲಿಯುವವಳ ಕಣ್ಣು ಆಚೀಚೆ ಹೋದರೆ ಸೂಜಿ ಬೆರಳಿಗೇ ಇಳಿಯುತ್ತದೆ. ಅದಕ್ಕೇ ಮೊಬೈಲನ್ನು ದಾರದ ಡಬ್ಬಿಗೆ ಒರಗಿಸಿ, ಸೌಂಡು ಜೋರು ಮಾಡಿ, ತಲೆ ತಗ್ಗಿಸಿ ಮಿಷನ್ ತುಳಿಯುತ್ತಿದ್ದಳು. ಹೀರೋ ಬಂದನೋ, ವಿಲನ್ ಬಂದನೋ, ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದಾಳೋ, ಎಲ್ಲವೂ ಕಿವಿಯಿಂದಲೇ ಗೊತ್ತಾಗಬೇಕು. ಹೀಗೆ ಕೇಳಿ ಕೇಳಿ ಅವಳ ಅಭಿಪ್ರಾಯಗಳೂ ಬೇರೆಯವರ ಹಾಗಿರಲಿಲ್ಲ. ಅಳತೆ ಕೊಡಲು ಬಂದ ಹೆಂಗಸರು ಅಳತೆ ಮುಗಿದ ಮೇಲೂ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ.

“ಆ ಸಂಜೆ ಸೀರಿಯಲ್ ಅತ್ತೆ ಇದಾಳಲ್ಲ, ಅವ್ಳು ಕೆಟ್ಟೋಳಲ್ಲ ಕಣೇ. ಹಾಲಿಗೆ ವಿಷ ಹಾಕೋವಾಗ ದನಿ ನಡುಗುತ್ತೆ, ಬೇಕಾದ್ರೆ ಕೇಳು. ನಿಜವಾಗ್ಲೂ ಕೆಟ್ಟೋರ ದನಿ ನಡುಗಲ್ಲ.”

“ಮತ್ತೆ ಆ ಮನೇಲಿ ಕೂಡಿಹಾಕ್ತಾರಲ್ಲ, ಆ ಶೋ?”

“ಜಗಳ ಆಡ್ತಾ ಆಡ್ತಾ ಮೈಕ್ ಸರಿ ಮಾಡ್ಕೊಳ್ತಾರೆ. ಕರಕರ ಅನ್ನುತ್ತೆ. ಅದ್ಯಾವ ಸೀಮೆ ಜಗಳವೇ? ನಮ್ಮ ಬೀದಿ ನಲ್ಲಿ ಹತ್ರ ಬಂದು ಕಲ್ತ್ಕೊಳ್ಲಿ.”

“ಓಟಿಟೀಲಿ ಹೊಸ ಪೊಲೀಸ್ ಕಥೆ ಬಂದೈತಂತೆ, ಎಲ್ರೂ ಹೊಗಳ್ತಾವ್ರೆ.”

“ಅಯ್ಯೋ, ಅದ್ರಲ್ಲಿ ಎಲ್ರೂ ಪಿಸಪಿಸ ಅಂತಾರೆ ಕಣವ್ವ. ಏನಂದ್ರು ಅಂತ ಮಿಷನ್ ನಿಲ್ಸಿ ನಿಲ್ಸಿ ಕೇಳ್ಬೇಕು. ಒಂದು ಎಪಿಸೋಡ್ ಮುಗಿಯೋದ್ರಲ್ಲಿ ಅರ್ಧ ಬ್ಲೌಸ್ ಲಾಸು.”

ಈ ಬಾಯಿಯೇ ಅವಳನ್ನು ಸಿಕ್ಕಿಸಿತು.

ಆ ಶುಕ್ರವಾರ ಗುಬ್ಬಿಯಿಂದ ತಂಗಿ ಭಾನುಪ್ರಿಯಾ ಬ್ಲೌಸ್ ಇಸಕೊಳ್ಳಲು ಬಂದಿದ್ದಳು. ಬಂದವಳು ಸುಮ್ಮನೆ ಹೋಗದೆ, “ನಡಿಯಕ್ಕಯ್ಯ, ಹೊಸಾ ಪಿಚ್ಚರ್ ಬಿಟ್ಟವ್ರೆ, ಮ್ಯಾಟನಿಗೆ ಹೋಗಿ ಬರಾಣ” ಎಂದು ಎಳೆದುಕೊಂಡು ಹೋದಳು. ಹೀರೋ ಹೆಸರು ಇಲ್ಲಿ ಬೇಡ, ಆ ಹೆಸರಿನಿಂದ ಹೊಂಬಾಳಮ್ಮ ಪಟ್ಟ ಪಾಡೇ ಸಾಕು. ಅಭಿಮಾನಿಗಳು ಅವನನ್ನು ‘ಅಣ್ಣ’ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಥಿಯೇಟರಿನಲ್ಲಿ ಕೈಗೆ ಕೆಲಸವಿಲ್ಲದ ಹೊಂಬಾಳಮ್ಮ ಅಭ್ಯಾಸಬಲದಿಂದ ತಲೆ ತಗ್ಗಿಸಿ, ಸೆರಗಿನ ಅಂಚು ತೀಡುತ್ತಾ ಇಡೀ ಸಿನಿಮಾ ಕೇಳಿದಳು.

ಆಚೆ ಬಂದರೆ ಗೇಟಿನ ಹತ್ತಿರ ಮೈಕ್ ಹಿಡಿದವನೊಬ್ಬ ನಿಂತಿದ್ದ. ಬಿಡುಗಡೆ ದಿನ ಯೂಟ್ಯೂಬಿನವರು ಹೀಗೆ ಬಂದು ಜನರ ಬಾಯಿಗೆ ಮೈಕ್ ಹಿಡಿಯುವುದು ಈಗ ಎಲ್ಲ ಊರಿನಲ್ಲೂ ಇರುವುದೇ. “ಅಮ್ಮ, ಸಿನಿಮಾ ಹೆಂಗಿತ್ತು?” ಎಂದ. ಅಂಗಡಿಯ ಸ್ಟೂಲಿನ ಮೇಲೆ ಕೂತ ಗಿರಾಕಿಗೆ ಹೇಳುವ ಹಾಗೆಯೇ ಹೊಂಬಾಳಮ್ಮ ಹೇಳಿಬಿಟ್ಟಳು.

“ಹಾಡು ಚೆನ್ನಾಗವೆ. ಫೈಟು ನಂಗೆ ಗೊತ್ತಾಗಲ್ಲ. ಆದ್ರೆ ಅಮ್ಮ ಸತ್ತಾಗ ಅಳ್ತಾನಲ್ಲಪ್ಪ, ಆ ಅಳು ಸರಿಯಿಲ್ಲ. ಊಟ ಆಯ್ತಾ ಅಂತ ಕೇಳೋ ದನೀಲಿ ಅಮ್ಮಾ ಅಮ್ಮಾ ಅಂತಾನೆ. ಹೆತ್ತೋಳು ಹೋದ್ರೆ ಹಂಗಾ ಅಳೋದು? ನಮ್ಮ ಬೀದಿ ನಾಯಿ ಸತ್ತಾಗ ಅದಕ್ಕಿಂತ ಚೆನ್ನಾಗಿ ಅತ್ತಿದ್ವಿ.”

ಹಿಂದೆ ನಿಂತಿದ್ದ ಭಾನುಪ್ರಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೂ ವಿಡಿಯೋದಲ್ಲಿ ಬಿತ್ತು.

ಮಾರನೆಯ ದಿನ ತಂಗಿಯ ಫೋನು. “ಅಕ್ಕಯ್ಯಾ, ನೀನು ಫೇಮಸ್ಸು ಕಣೇ! ನಮ್ಮ ಗುಬ್ಬೀಲಿ ತರಕಾರಿಯೋನೂ ಮೊಬೈಲಲ್ಲಿ ನಿನ್ನೇ ಹಾಕ್ಕೊಂಡು ಕೂತವ್ನೆ.” ಹೊಂಬಾಳಮ್ಮನಿಗೂ ಖುಷಿಯಾಯಿತು. ಯಾರೋ ಅವಳ ಮಾತಿಗೆ ನಾಯಿಯ ಚಿತ್ರ ಸೇರಿಸಿದ್ದರು, ಇನ್ಯಾರೋ ಅಣ್ಣನ ಅಳುವಿನ ಕೆಳಗೆ ‘ಊಟ ಆಯ್ತಾ’ ಎಂದು ಬರೆದಿದ್ದರು. ಸಂಜೆ ಹೊತ್ತಿಗೆ ಭಾನುಪ್ರಿಯಾ ಮತ್ತೆ ಫೋನ್ ಮಾಡಿದಳು. ಈ ಸಲ ನಗು ಇರಲಿಲ್ಲ. “ಅಕ್ಕಯ್ಯ, ಕೆಳಗಡೆ ಏನೇನೋ ಬರೀತಾವ್ರೆ. ಓದ್ಬೇಡ ನೀನು. ಯಾರೋ ಒಬ್ಬ ನಿನ್ನ ಅಂಗಡಿ ಹೆಸರು ಹಾಕವ್ನೆ.”

ಅಂಗಡಿಯ ಬೋರ್ಡಿನ ಮೇಲೆ ಅವಳ ಫೋನ್ ನಂಬರು ದಪ್ಪಕ್ಷರದಲ್ಲಿತ್ತು. ಗಿರಾಕಿ ಬರಲಿ ಎಂದು ಬರೆಸಿದ್ದು.

ಭಾನುವಾರ ಮಧ್ಯಾಹ್ನ ಅವಳು ಕಾಲರ್ ಪಟ್ಟಿ ಹೊಲಿಯುತ್ತಿದ್ದಾಗ ಮೊಬೈಲ್ ಟಿಂಗ್ ಎಂದಿತು. ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ. ಅದರಲ್ಲಿ ಒಂದು ಅಂಗಡಿ, ತೂಗುಹಾಕಿದ ಬ್ಲೌಸುಗಳು, ಮಿಷನ್ನಿನ ಮುಂದೆ ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸಿನ ಪಕ್ಕದ ಮುಖ. ಆ ಹೆಂಗಸು ಹಸಿರು ಸೀರೆ ಉಟ್ಟಿದ್ದಳು. ಹೊಂಬಾಳಮ್ಮ ತನ್ನ ಮೈ ನೋಡಿಕೊಂಡಳು. ಇವತ್ತು ಉಟ್ಟಿರುವುದು ಅದೇ ಹಸಿರು ಸೀರೆ. ಮಿಷನ್ನಿನ ಮೇಲೆ ಅದೇ ಕೆಂಪು ಬಟ್ಟೆ.

ಫೋಟೋ ತೆಗೆದಿದ್ದು ಎದುರಿನ ಹೊಂಗೆಮರದ ಕಡೆಯಿಂದ. ಅತ್ತ ಕತ್ತು ಎತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ. ಎತ್ತಿದಾಗ ಅಲ್ಲಿ ಯಾರೂ ಇರಲಿಲ್ಲ. ಬೈಕಿನ ಹೊಗೆ ಮಾತ್ರ ನೆಲದ ಮೇಲೆ ಇನ್ನೂ ಹರಡುತ್ತಿತ್ತು.

ಫೋನ್ ರಿಂಗಾಯಿತು.

“ಹೊಂಬಾಳಮ್ಮ ಅಕ್ಕ ಅಲ್ವಾ? ನಾನು ಕಾಂತೇಶ್ ಅಂತ, ಕುಣಿಗಲ್. ಅಣ್ಣನ ಅಭಿಮಾನಿ ಸಂಘದಿಂದ. ಊಟ ಆಯ್ತಾ ಅಕ್ಕ?”

ದನಿ ಮೆತ್ತಗಿತ್ತು. ಬೈಗುಳವಿಲ್ಲ, ಆತುರವಿಲ್ಲ. ಹೊಂಬಾಳಮ್ಮ ಕಿವಿಗೊಟ್ಟು ಹುಡುಕಿದಳು, ಎಲ್ಲಾದರೂ ಒಂದು ಕಡೆ ಈ ದನಿ ನಡುಗುತ್ತದೆಯೇ ಎಂದು. ನಡುಗಲಿಲ್ಲ.

“ಅಣ್ಣನ ಅಳು ಬಗ್ಗೆ ಏನೋ ಅಂದ್ರಂತೆ. ನಾಯಿ ಗೀಯಿ ಅಂತ.”

ಇಲ್ಲಿ ಹೊಂಬಾಳಮ್ಮ ಇನ್ನೊಂದು ತಪ್ಪು ಮಾಡಿದಳು. ತಪ್ಪಿಸಿಕೊಳ್ಳುವ ಅವಸರದಲ್ಲಿ, “ನಾನು ಸರಿಯಾಗಿ ನೋಡೇ ಇಲ್ಲ ಕಣಪ್ಪ. ತಲೆ ಬಗ್ಗಿಸ್ಕೊಂಡು ಬರೀ ಕೇಳಿದ್ದು. ನಂಗೆ ನೋಡಿ ಅಭ್ಯಾಸ ಇಲ್ಲ” ಎಂದಳು.

“ನೋಡ್ದೇನೇ ಮಾತಾಡಿದ್ರಾ? ಹಂಗಾದ್ರೆ ನೋಡಿ ಅಕ್ಕ. ನಾಳೆ ಮ್ಯಾಟನಿಗೆ ಕುಣಿಗಲ್‌ಗೆ ಬನ್ನಿ. ನಾವೇ ಕೂರಿಸಿ ತೋರಿಸ್ತೀವಿ. ನೋಡಿ ಆದ್ಮೇಲೆ ಅಣ್ಣನ ಕಟೌಟ್ ಮುಂದೆ ನಿಂತು, ಅಳು ಚೆನ್ನಾಗೈತೆ, ತಪ್ಪಾಯ್ತು ಅಂತ ಒಂದು ವಿಡಿಯೋ ಮಾಡ್ಬುಡಿ. ನೀವು ಬರೋದು ಕಷ್ಟ ಅಂದ್ರೆ ಹೇಳಿ, ಹುಡುಗರು ಅಂಗಡಿ ಹತ್ರಾನೇ ಬರ್ತಾರೆ.”

ಗಂಡ ಸಿದ್ದಗಂಗಯ್ಯ ಸ್ಕೂಲ್ ವ್ಯಾನ್ ಓಡಿಸುವವನು. ಫೋಟೋ ನೋಡಿ ಅವನ ಮುಖ ಸುಣ್ಣವಾಯಿತು. ಪಕ್ಕದ ಮನೆಯವರು ಸ್ಟೇಷನ್ನಿಗೆ ಹೋಗಿ ಎಂದರು. “ಅಲ್ಲಿಗೋದ್ರೆ ಅದೂ ಒಂದು ವಿಡಿಯೋ ಆಗುತ್ತೆ. ಅಂಗಡಿಗೆ ಬಾಗಿಲಿರೋದು ಒಂದೇ ಒಂದು ತಗಡಿನ ಶಟರ್ರು” ಎಂದ ಸಿದ್ದಗಂಗಯ್ಯ. ಆಮೇಲೆ ಹೆಂಡತಿಗೆ, “ಚೆನ್ನಾಗೈತೆ ಅಂತ ಒಂದು ಮಾತು ಅಂದ್ಬುಡು. ನಿಂದೇನು ಗಂಟು ಹೋಗುತ್ತೆ? ದಿನಾ ಎಷ್ಟೋ ಜನಕ್ಕೆ ಬ್ಲೌಸ್ ಚೆನ್ನಾಗಿ ಕೂತೈತೆ ಅಂತ ಸುಳ್ಳು ಹೇಳಲ್ವಾ?”

“ನಾನು ಯಾವತ್ತೂ ಹೇಳಿಲ್ಲ ರೀ,” ಎಂದಳು ಹೊಂಬಾಳಮ್ಮ. ಅದು ನಿಜ. ಭುಜ ಎಳೆಯುತ್ತಿದ್ದರೆ ಎಳೀತಿದೆ ಎಂದು ಬಿಚ್ಚಿಸಿ ಮತ್ತೆ ಹೊಲಿಯುವವಳು.

ಸೋಮವಾರ ವ್ಯಾನನ್ನು ಬೇರೆಯವರಿಗೆ ಒಪ್ಪಿಸಿ ಅವನೂ ಜೊತೆಗೆ ಹೊರಟ. ಬಸ್ಸು ಹೆಬ್ಬೂರು ದಾಟಿತು. ಆಮೇಲೆ ಹೊಂಬಾಳಮ್ಮ ಕಿಟಕಿಯ ಕಡೆ ತಿರುಗಿ, ತುಟಿಯಲ್ಲೇ ಅಭ್ಯಾಸ ಮಾಡತೊಡಗಿದಳು. ಅಳು ಚೆನ್ನಾಗಿದೆ. ಅಳು ತುಂಬಾ ಚೆನ್ನಾಗಿದೆ. ಮುಂದಿನ ಸೀಟಿನ ಮುದುಕಿ ತಿರುಗಿ, “ಯಾರವ್ವ ತೀರ್ಕೊಂಡಿದ್ದು?” ಎಂದು ಕೇಳಿತು.

ಥಿಯೇಟರಿನ ಮುಂದೆ ಅಣ್ಣನ ಕಟೌಟು ಮೂರು ಆಳಿನೆತ್ತರ ನಿಂತಿತ್ತು. ಶುಕ್ರವಾರ ಸುರಿದ ಹಾಲು ಅದರ ಎದೆಯ ಮೇಲೆ ಹಳದಿಗಟ್ಟಿ, ಕಾಲ ಬಳಿ ಹುಳಿ ವಾಸನೆ, ನೊಣ. ಬೈಕುಗಳ ಹತ್ತಿರ ಒಂದಷ್ಟು ಜನ. ಕಾಂತೇಶ್ ಎಂದರೆ ದಪ್ಪ ಮೀಸೆಯವನಿರಬೇಕು ಎಂದುಕೊಂಡಿದ್ದಳು. ಇಸ್ತ್ರಿ ಶರಟಿನ, ತೆಳ್ಳನೆಯ ಮನುಷ್ಯ ಮುಂದೆ ಬಂದು ಕೈ ಮುಗಿದ. “ಬನ್ನಿ ಅಕ್ಕ. ಯಜಮಾನ್ರೂ ಬಂದವ್ರೆ, ಸೀಟ್ ಬುಡ್ರೋ” ಎಂದು ಸಿದ್ದಗಂಗಯ್ಯನಿಗೂ ಜಾಗ ಮಾಡಿಸಿದ.

ಒಳಗೆ ಜನವೇ ಇರಲಿಲ್ಲ. ಗಂಡಹೆಂಡತಿಯನ್ನು ಮಧ್ಯದಲ್ಲಿ ಕೂರಿಸಿ, ಅವರೆಲ್ಲ ಹಿಂದಿನ ಸಾಲಿನಲ್ಲಿ ಕೂತರು. ಹೊಂಬಾಳಮ್ಮನಿಗೆ ಕತ್ತಿನ ಹಿಂದೆ ಅವರ ಉಸಿರು ತಾಗುತ್ತಿತ್ತು. “ತಲೆ ಎತ್ತಿ ನೋಡಿ ಅಕ್ಕ,” ಎಂದ ಕಾಂತೇಶ್ ಕಿವಿಯ ಹತ್ತಿರ. ನೋಡಿದಳು. ಅಣ್ಣ ನಡೆದ, ಹೊಡೆದ, ಕುಣಿದ. ಹಿಂದಿನ ಸಾಲಿನಲ್ಲಿ ಒಂದೆರಡು ಶಿಳ್ಳೆ ಎದ್ದು, ಖಾಲಿ ಥಿಯೇಟರಿನಲ್ಲಿ ಒಂಟಿಯಾಗಿ, ಸುಮ್ಮನಾದವು.

ಅಮ್ಮ ಸಾಯುವ ಸೀನು ಬಂತು. ದೇವರೇ, ಇವತ್ತಾದರೂ ಇವನು ಚೆನ್ನಾಗಿ ಅಳಲಿ ಎಂದು ಹೊಂಬಾಳಮ್ಮ ನಿಜವಾಗಿ ಬೇಡಿಕೊಂಡಳು. ಪರದೆಯ ಮೇಲೆ ಕಣ್ಣೀರು ದಳದಳ ಇಳಿಯಿತು. ಸಂಗೀತ ನಿಂತಿತು. “ಅಮ್ಮಾ... ಅಮ್ಮಾ...”

ಊಟ ಆಯ್ತಾ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಯಾವನ್ಲಾ ಅವ್ನು?” ಎಂದ ಕಾಂತೇಶ್. ಸಿದ್ದಗಂಗಯ್ಯ ಹೆಂಡತಿಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆಯೊಂದು ಚಟ್ಟೆಂದಿತು.

ಸಿನಿಮಾ ಮುಗಿದ ಮೇಲೆ ಅವಳನ್ನು ಕಟೌಟಿನ ಕಾಲಡಿ ನಿಲ್ಲಿಸಿದರು. ಕಾಂತೇಶ್ ಮೊಬೈಲ್ ಹಿಡಿದ. “ಹೇಳಿ ಅಕ್ಕ.”

“ನಾನು ಹೊಂಬಾಳಮ್ಮ, ತುಮಕೂರು. ಸಿನಿಮಾ ಚೆನ್ನಾಗಿದೆ. ಅಳು ತುಂಬಾ ಚೆನ್ನಾಗಿದೆ. ನಾನು ಅವತ್ತು ಅಂದಿದ್ದು ತಪ್ಪು.”

ಅವನು ವಿಡಿಯೋ ಹಾಕಿ ಕೇಳಿದ. ಎಲ್ಲರೂ ಬಗ್ಗಿ ಕೇಳಿದರು. “ರೇಷನ್ ಅಂಗ್ಡೀಲಿ ಹೆಸರು ಕೂಗ್ದಂಗಿದೆ. ಇನ್ನೊಂದು ಸಲ. ಮನಸ್ಸಿಂದ ಹೇಳಿ.”

ಮನಸ್ಸಿನಿಂದ ಹೇಳಲು ಹೋದಳು. ದನಿ ಇನ್ನೂ ಚಪ್ಪಟೆಯಾಯಿತು. ಮತ್ತೊಂದು ಸಲ ನಗುತ್ತಾ ಹೇಳಿ ಎಂದರು. ನಕ್ಕಳು, ಅದು ಹಲ್ಲುನೋವಿನವಳ ಹಾಗೆ ಬಂತು. ಅಷ್ಟು ವರ್ಷ ಬೇರೆಯವರ ದನಿಯ ಸುಳ್ಳು ಹಿಡಿದ ಕಿವಿಗೆ ಈಗ ತನ್ನ ದನಿಯೇ ಅಸಹ್ಯವಾಗಿ ಕೇಳುತ್ತಿತ್ತು. ಸುತ್ತಲಿನವರು ಹತ್ತಿರ ಹತ್ತಿರ ಬರುತ್ತಿದ್ದರು.

ಆಗ ಕಿಸಕ್ಕೆಂದವನೇ ಇರಬೇಕು, ಹಿಂದಿನಿಂದ ಒಂದು ಮಾತು ಬಂತು. “ಕಾಂತೇಶಣ್ಣ, ಇದು ಥೇಟು ಪಿಚ್ಚರ್ ಅಳು ಥರಾನೇ ಐತಲ್ಲಣ್ಣ.”

ಕಾಂತೇಶ್ ತಿರುಗಲಿಲ್ಲ. ಹೊಂಬಾಳಮ್ಮನನ್ನೇ ನೋಡಿದ, ಮೊಬೈಲ್ ನೋಡಿದ, ತಲೆಯೆತ್ತಿ ಕಟೌಟ್ ನೋಡಿದ. ಅವಳು ಕಣ್ಣು ಮುಚ್ಚಿದಳು. ಏಟು ಬೀಳುವುದಾದರೆ ಸದ್ದು ಮೊದಲು ಕೇಳಲಿ ಎಂದು.

“ಇದು ಬೇಡ,” ಎಂದಿತು ಅವನ ದನಿ. “ಇದನ್ನ ಹಾಕಿದ್ರೆ ಇನ್ನೂ ನಗ್ತಾರೆ. ಡಿಲೀಟ್ ಮಾಡಿದೀನಿ. ಹೋಗಿ ಅಕ್ಕ.” ಆಮೇಲೆ ತಗ್ಗಿದ ದನಿಯಲ್ಲಿ, “ಇನ್ಮೇಲೆ ಅಣ್ಣನ ವಿಷ್ಯ ಮಾತಾಡ್ಬೇಡಿ. ಅಂಗಡಿ ಗೊತ್ತಲ್ಲ ನಮ್ಗೆ.”

ಬಸ್ಸು ಊರು ಬಿಟ್ಟ ಮೇಲೆ ಅವಳು ಗಂಡನ ಕಡೆ ತಿರುಗಿದಳು. “ರೀ, ಕೊನೇಲಿ ಅವನ ದನಿ ನಡುಗಿತು ಅಲ್ವಾ? ಒಂಚೂರು?”

“ನಂಗೇನು ಕೇಳುತ್ತೆ? ನನ್ನ ಎದೆ ಹೊಡ್ಕೊಳ್ತಿದ್ದದ್ದೇ ಕೇಳ್ತಿತ್ತು,” ಎಂದ ಸಿದ್ದಗಂಗಯ್ಯ. ಹಿಂದೆ ಬರುತ್ತಿದ್ದ ಬೈಕೊಂದನ್ನು ಅವನು ಹೆಬ್ಬೂರಿನವರೆಗೂ ತಿರುತಿರುಗಿ ನೋಡಿದ. ಅದು ಯಾರದೋ ಹಾಲಿನ ಕ್ಯಾನಿನ ಬೈಕು.

ಮರುದಿನ ಬೆಳಿಗ್ಗೆ ಬೋರ್ಡಿನ ಮೇಲಿನ ನಂಬರಿಗೆ ಹೊಂಬಾಳಮ್ಮ ಒಂದು ಹಳೇ ಲೈನಿಂಗ್ ಬಟ್ಟೆ ಕಟ್ಟಿದಳು. ಮಿಷನ್ನನ್ನು ಗೋಡೆಯ ಕಡೆಗೆ ತಿರುಗಿಸಿದಳು. ಅಳತೆ ಕೊಡಲು ಬಂದ ಅರುಣಾ ಎಂಬ ಟೀಚರು ಸ್ಟೂಲಿನ ಮೇಲೆ ಕೂತು, “ಹೊಂಬಾಳಕ್ಕ, ನಿನ್ನೆ ಸೀರಿಯಲ್ ಕೇಳಿದ್ರಾ? ಅತ್ತೆ ಮತ್ತೆ ವಿಷ ಹಾಕೇಬಿಟ್ಲಲ್ಲ?” ಎಂದಳು.

“ಇಲ್ಲಮ್ಮ. ನಾನೀಗ ಅದೆಲ್ಲ ಬಿಟ್ಟಿದೀನಿ.”

“ಸುಮ್ನಿರಿ! ದನೀಲೇ ಗೊತ್ತಾಗುತ್ತೆ, ಕೇಳಿದೀರ.”

ಹೊಂಬಾಳಮ್ಮನ ಕಾಲು ಪೆಡಲ್ ಮೇಲೆ ನಿಂತಿತು. ತಿರುಗಿ ನೋಡಿದರೆ ಎದುರಿನ ಹೊಂಗೆಮರದ ಕೆಳಗೆ ಯಾರೋ ಬೈಕ್ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರು ಹೋಗುವವರೆಗೂ ಕಾದಳು. ಎದ್ದು ಶಟರನ್ನು ಅರ್ಧ ಎಳೆದಳು. ಮತ್ತೆ ಕೂತು, ಮಿಷನ್ ತುಳಿಯುತ್ತಾ, ಆ ಸದ್ದಿನ ಮರೆಯಲ್ಲಿ ಬಾಯಿ ಬಿಟ್ಟಳು.

“ವಿಷ ಹಾಕೋವಾಗ ಈ ಸಲ ಅವ್ಳ ದನಿ...”

“ಏನಕ್ಕ? ಪಿಸಪಿಸ ಅಂತೀರಲ್ಲ,” ಎಂದು ಟೀಚರು ಮುಂದೆ ಬಾಗಿದಳು. “ಮಿಷನ್ ನಿಲ್ಸಿ ಹೇಳಿ, ಒಂದೂ ಕೇಳಿಸ್ತಿಲ್ಲ.”