ಹವಾಲ್ದಾರ ಕಷ್ಟ ಹೇಳಿಕೊಂಡದ್ದು

"ಇಲ್ಲ ಸರ್!" ಎಂದು ಹವಾಲ್ದಾರ ಎದ್ದು ನಿಂತು ಕೂಗಿದ ರಭಸಕ್ಕೆ ಬ್ಯಾಂಕಿನ ಸಾಲದ ಅಧಿಕಾರಿಯ ಕೈಯಲ್ಲಿದ್ದ ಪೆನ್ನು ಜಾರಿ ಮೇಜಿನ ಕೆಳಗೆ ಉರುಳಿತು. ಆಕೆ ಬಗ್ಗಿ ಪೆನ್ನು ಹುಡುಕುವಷ್ಟು ಹೊತ್ತೂ ಅವನು ಎದೆ ಸೆಟೆದುಕೊಂಡು ಗೋಡೆಯನ್ನೇ ನೋಡುತ್ತ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಕೇಳಿದ್ದೇನು ಮಹಾ ಪ್ರಶ್ನೆಯೇ? ಮನೆ ಸಾಲದ ಕಂತು ಕಟ್ಟಲು ನಿಮಗೇನಾದರೂ ತೊಂದರೆ ಇದೆಯಾ ಎಂದು ಕೇಳಿದ್ದರು, ಅಷ್ಟೇ. ಇದೆ ಎಂದು ಹೇಳುವುದಕ್ಕೇ ಅಲ್ಲವೇ ಗಂಡ ಹೆಂಡತಿ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬೆಳಗಿನಿಂದ ಅಲ್ಲಿ ಕಾದು ಕೂತಿದ್ದು!

"ಕೂತ್ಕೊಳ್ಳಿ," ಎಂದರು ಅಧಿಕಾರಿ. "ಇನ್ನೊಂದ್ಸಲ ಕೇಳ್ತೀನಿ. ಮೂರು ಕಂತು ಬಾಕಿ ಇದೆ. ಯಾಕೆ ಕಟ್ಟೋಕಾಗ್ಲಿಲ್ಲ? ಏನು ಕಷ್ಟ ಬಂತು?"

"ಏನೂ ಇಲ್ಲ ಸರ್!"

"ನಾನು ಮೇಡಮ್."

"ಸರಿ ಸರ್!"

ಅಧಿಕಾರಿ ನಗು ತಡೆದುಕೊಂಡು ಹವಾಲ್ದಾರನ ಹೆಂಡತಿಯ ಕಡೆ ತಿರುಗಿದರು. ಪಾಪ, ಅವರದ್ದೂ ತಪ್ಪಿಲ್ಲ. ಸೇನೆಯಲ್ಲಿರುವವರಿಗೆಂದೇ ಆ ಬ್ಯಾಂಕಿನಲ್ಲಿ ಒಂದು ಅನುಕೂಲವಿತ್ತು. ಕಂತು ಕಟ್ಟಲಾಗದೆ ಒದ್ದಾಡುವವರಿಗೆ ಕೆಲವು ತಿಂಗಳು ಬಿಡುವು ಕೊಡುತ್ತಿದ್ದರು, ಬಡ್ಡಿ ಇಳಿಸುತ್ತಿದ್ದರು, ಬಾಕಿಯನ್ನು ಸಾಲದ ಕೊನೆಗೆ ತಳ್ಳುತ್ತಿದ್ದರು. ಆದರೆ ಸಾಲ ತೆಗೆದುಕೊಂಡವನೇ ಖುದ್ದಾಗಿ ಬಂದು ತನ್ನ ಕಷ್ಟ ಏನೆಂದು ಹೇಳಬೇಕು, ಅಧಿಕಾರಿ ಅದನ್ನು ಬರೆದುಕೊಳ್ಳಬೇಕು.

"ಕಷ್ಟ ಇಲ್ಲ ಅನ್ನೋರಿಗೆ ಕಷ್ಟ ಇದೆ ಅಂತ ನಾನು ಹೇಗಮ್ಮ ಬರೀಲಿ?" ಎಂದರು ಅವರು. "ನಾಡಿದ್ದು ಇನ್ನೊಂದ್ಸಲ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಸ್ವಲ್ಪ ಮಾತಾಡಿಸಿ."

ಹವಾಲ್ದಾರನ ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಈ ಅನುಕೂಲದ ವಿಷಯ ಅವಳಿಗೆ ಹೇಳಿದ್ದು ಹೊಟ್ಟೆ ಬಂತೆಂದು ಕೋಟು ಸಡಿಲ ಮಾಡಿಸಲು ಬಂದಿದ್ದ ಒಬ್ಬ ನಿವೃತ್ತ ಸೈನಿಕ. ಅವತ್ತಿನಿಂದ ಗಂಡನ ರಜೆಗಾಗಿ ಕಾದಿದ್ದೇ ಕಾದಿದ್ದು. ಎತ್ತರದ ಗಡಿಠಾಣೆಯಿಂದ ಅವನನ್ನು ಕೆಳಗಿನ ಶಿಬಿರಕ್ಕೆ ಹಾಕಿದ ಮೇಲೆ ಠಾಣೆಯ ಹೆಚ್ಚುವರಿ ಭತ್ಯೆ ನಿಂತುಹೋಗಿತ್ತು. ಅದೇ ಹೊತ್ತಿಗೆ ಟೈಲರಮ್ಮನಿಗೆ ಸಮವಸ್ತ್ರ ಹೊಲಿಯಲು ಕೊಡುತ್ತಿದ್ದ ಶಾಲೆಯವರು ಸಿದ್ಧ ಉಡುಪು ತರಿಸತೊಡಗಿದರು. ಸಾಲ ಮಾತ್ರ ತನ್ನ ಪಾಡಿಗೆ ತಾನು ತಿಂಗಳು ತಿಂಗಳಿಗೆ ಬಾಯಿ ತೆರೆಯುತ್ತಿತ್ತು. ಹೀಗೇ ಬಿಟ್ಟರೆ ಮನೆ ಹರಾಜಿಗೆ ಬರುತ್ತದೆ, ಮನೆ ಹೋದರೆ ಅಂಗಡಿಯೂ ಹೋಗುತ್ತದೆ. ಹವಾಲ್ದಾರ ಈ ವಾರದ ಕೊನೆಗೆ ಹೊರಟುಬಿಟ್ಟರೆ ಮತ್ತೆ ಬರುವುದು ಯಾವ ಕಾಲಕ್ಕೋ.

ಬ್ಯಾಂಕಿನ ಮೆಟ್ಟಿಲಿಳಿಯುತ್ತಲೇ ಟೈಲರಮ್ಮ ಶುರುಮಾಡಿದಳು.

"ಅಲ್ಲಾ ರೀ, ನಿಮ್ಮ ಬಾಯಿಗೇನಾಗಿತ್ತು? ಇದೆ ಅನ್ನೋಕೆ ಎರಡೇ ಅಕ್ಷರ!"

"ಅದು ಅಭ್ಯಾಸ ಕಣೇ," ಎಂದ ಹವಾಲ್ದಾರ ತಲೆ ಕೆರೆದುಕೊಳ್ಳುತ್ತ. "ಯಾರಾದ್ರೂ ಅಧಿಕಾರಿ ತೊಂದ್ರೆ ಇದೆಯಾ ಅಂದ್ರೆ ಸಾಕು, ನಾಲಗೆ ತಾನೇ ಹೇಳ್ಬಿಡುತ್ತೆ."

ಅದೇನೋ ನಿಜವೇ. ಒಮ್ಮೆ ಬಂಡೆ ಉರುಳಿ ಪಾದ ಮುರಿದುಕೊಂಡು, ಮಂಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಸೇನೆಯ ಆಸ್ಪತ್ರೆಯಲ್ಲಿ ಬಿದ್ದಿದ್ದ. ನೋಡಲು ಬಂದ ಕರ್ನಲ್ ಏನಾದರೂ ತೊಂದರೆಯೇ ಎಂದಾಗ ಮಲಗಿದಲ್ಲಿಂದಲೇ "ಇಲ್ಲ ಸರ್!" ಎಂದು ಕೂಗಿದ್ದನಂತೆ. ಪಕ್ಕದ ಮಂಚದಲ್ಲಿದ್ದವನು ಬೆಚ್ಚಿಬಿದ್ದು ಗ್ಲೂಕೋಸಿನ ಬಾಟಲಿ ಬೀಳಿಸಿಕೊಂಡನಂತೆ. ಅಂಥ ಮನುಷ್ಯ!

ಮನೆಗೆ ಬಂದು ಟೈಲರಮ್ಮ ಅತ್ತೆಯ ಮುಂದೆ ದೂರು ಒಪ್ಪಿಸಿದಳು. ಅತ್ತೆಯೋ, ಕಷ್ಟ ಹೇಳಿಕೊಳ್ಳುವುದರಲ್ಲಿ ಎತ್ತಿದ ಕೈ. ಹಾಲಿನವನ ಹತ್ತಿರ ಮಂಡಿನೋವು, ಕರೆಂಟಿನ ಮೀಟರ್ ನೋಡಲು ಬಂದವನ ಹತ್ತಿರ ಸೊಂಟನೋವು, ಇಬ್ಬರ ಹತ್ತಿರವೂ ಸೊಸೆಯ ವಿಷಯ. ಮಗನ ಸಂಗತಿ ಕೇಳಿ ಅವರು ಹಣೆ ಚಚ್ಚಿಕೊಂಡರು.

"ನನ್ನ ಹೊಟ್ಟೇಲಿ ಹುಟ್ಟಿ ಇಷ್ಟು ಬರಲ್ವೇನೋ ನಿನಗೆ? ಬಾ ಇಲ್ಲಿ, ಕೂತ್ಕೋ. ನಿಂತ್ಕೊಂಡು ಕಷ್ಟ ಹೇಳ್ಬಾರ್ದು. ಕಂಬದ ಹಾಗೆ ನಿಂತೋನಿಗೆ ಕಷ್ಟ ಅಂದ್ರೆ ಯಾರು ನಂಬ್ತಾರೆ? ಮೊದಲು ಒಂದು ನಿಟ್ಟುಸಿರು ಬಿಡು."

ಹವಾಲ್ದಾರ ಬಿಟ್ಟ ನಿಟ್ಟುಸಿರು ಸೈಕಲ್ ಪಂಪಿನ ಹಾಗೆ ಬಂತು.

"ಅಯ್ಯೋ, ಟೈರಿಗೆ ಗಾಳಿ ಹೊಡೀಬೇಡ್ವೋ! ಮೆತ್ತಗೆ ಬಿಡು. ಹಾಂ. ಈಗ ತಲೆ ಬಗ್ಗಿಸಿ, 'ಏನ್ ಹೇಳೋದು ಬಿಡಿ' ಅನ್ನು. ಬಿಡಿ ಅಂದ್ರೆ ಯಾರೂ ಬಿಡಲ್ಲ, ಕೇಳೇ ಕೇಳ್ತಾರೆ. ಅದೇ ಅದರ ಗುಟ್ಟು."

"ಏನ್ ಹೇಳೋದು ಬಿಡಿ ಸರ್!" ಎಂದು ಹವಾಲ್ದಾರ ಗರ್ಜಿಸಿದ. ಕಿಟಕಿಯ ಮೇಲೆ ಕೂತಿದ್ದ ಬೆಕ್ಕು ಹೊರಗೆ ಹಾರಿತು.

ಟೈಲರಮ್ಮ ಅಧಿಕಾರಿಯಾಗಿ ಇಂಚುಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಎದುರು ಕೂತಳು. "ನಿಮಗೇನಾದ್ರೂ ತೊಂದ್ರೆ ಇದೆಯಾ?" "ಇಲ್ಲ ಸರ್!" ಮತ್ತೆ ಕೇಳಿದಳು, ಮತ್ತೆ ಅದೇ. ಮೆಲ್ಲಗೆ ಕೇಳಿದಳು, ಗದರಿಸಿ ಕೇಳಿದಳು, ಅವನು ಹಲ್ಲುಜ್ಜುವಾಗ ಹಿಂದಿನಿಂದ ಹೋಗಿ ಕೇಳಿದಳು. ಬಾಯಿ ತುಂಬ ನೊರೆಯಿದ್ದರೂ ಉತ್ತರ ಮಾತ್ರ ಬದಲಾಗಲಿಲ್ಲ. ಅತ್ತೆ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡರು, ಹಾಗೇ ಪಕ್ಕೆನೋವಿನ ಬಗ್ಗೆಯೂ ಹೇಳಿಕೊಂಡರು.

ಎಲ್ಲರ ನಗು ನಿಂತ ಮೇಲೆ, ಪಾತ್ರೆ ತೊಳೆಯುತ್ತ ಟೈಲರಮ್ಮ ಕೇಳಿದಳು: "ನಿಜ ಹೇಳಿ. ಬರೀ ಅಭ್ಯಾಸಾನಾ? ಮನೆ ಹೋಗುತ್ತೆ ರೀ. ನನಗೆ ಭಯ ಆಗ್ತಿದೆ."

ಹವಾಲ್ದಾರ ಒರೆಸುತ್ತಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದ.

"ನಡ್ಕೊಂಡು ಬೆಟ್ಟ ಹತ್ತುವಾಗ ಒಬ್ಬ ತನಗೆ ಆಗಲ್ಲ ಅಂದ್ರೆ, ಅವನ ಮೂಟೆ ಪಕ್ಕದವನ ಬೆನ್ನಿಗೆ ಬೀಳುತ್ತೆ ಕಣೇ. ಅವನ ಬೆನ್ನ ಮೇಲೆ ಆಗ್ಲೇ ಒಂದು ಮೂಟೆ ಇರುತ್ತೆ. ಅದಕ್ಕೇ ಯಾರೂ ಬಾಯಿ ಬಿಡಲ್ಲ. ತೊಂದ್ರೆ ಅನ್ನೋದು ನಮಗೆ ನಾಚಿಕೆ ಕೆಲಸ."

ಟೈಲರಮ್ಮನಿಗೆ ಸಿಟ್ಟೂ ಬಂತು, ಅವನ ಮೇಲೆ ಪ್ರೀತಿಯೂ ಉಕ್ಕಿತು. ಎರಡೂ ಒಟ್ಟಿಗೆ ಬಂದಾಗ ಅವಳು ಮಾಡುತ್ತಿದ್ದದ್ದು ಒಂದೇ, ಅವನ ಕೈಯಿಂದ ತಟ್ಟೆ ಕಿತ್ತುಕೊಂಡು "ಅದು ಒಣಗಿ ಆಯ್ತು ಬಿಡಿ" ಎನ್ನುವುದು. ಹಾಗೆಯೇ ಮಾಡಿದಳು. ಆದರೆ ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಳು. ಗಂಡ ಬಾಯಿ ಬಿಡದಿದ್ದರೆ ತಾನೇ ಹೇಳುತ್ತೇನೆ, ಒಂದನ್ನೂ ಬಿಡದೆ ಹೇಳುತ್ತೇನೆ, ಅವನು ತಲೆಯಾಡಿಸಿದರೆ ಸಾಕು.

ನಿಗದಿಯಾದ ದಿನ ಮೂವರೂ ಹೊರಟರು. "ನಾನು ಹಿಂದೆ ಕೂತಿರ್ತೀನಿ, ನಿಟ್ಟುಸಿರು ಮರೆತ್ರೆ ಕೆಮ್ಮಿ ಜ್ಞಾಪಿಸ್ತೀನಿ," ಎಂದು ಅತ್ತೆಯೂ ಬಂದಿದ್ದರು. ಬ್ಯಾಂಕು ತುಂಬಿತ್ತು. ನಗದು ಕೌಂಟರಿನ ಮುಂದೆ ಸಾಲು ಬಾಗಿಲವರೆಗೆ ಬೆಳೆದಿತ್ತು. ಸಾಲಿನಲ್ಲಿ ಟೈಲರಮ್ಮನ ಗಿರಾಕಿಗಳೂ ಒಬ್ಬಿಬ್ಬರು ಇದ್ದು, ಕೈ ಎತ್ತಿ ನಕ್ಕರು.

ಅಧಿಕಾರಿ ಈ ಸಲ ಜಾಣತನ ಮಾಡಿದರು. ಹವಾಲ್ದಾರನನ್ನು ಕೇಳಲೇ ಇಲ್ಲ. ನೇರವಾಗಿ ಟೈಲರಮ್ಮನ ಕಡೆ ತಿರುಗಿ, "ನೀವು ಹೇಳಿ ಅಮ್ಮ, ಇವರು ಹೌದು ಅಂದ್ರೆ ಸಾಕು. ಮನೆ ನಡೆಸೋರು ನೀವು. ಹೇಗೆ ನಡೀತಿದೆ?" ಎಂದರು.

ಇದಕ್ಕೇ ಕಾದಿದ್ದವಳು ಟೈಲರಮ್ಮ. ನಿಂತುಹೋದ ಭತ್ಯೆ, ಕೈತಪ್ಪಿದ ಶಾಲೆ, ಹೊಲಿಗೆ ಮಷೀನಿನ ಸುಟ್ಟುಹೋದ ಮೋಟಾರು, ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ಬಾಯಿ ತೆರೆಯುವ ಮುಂಚೆ ಒಮ್ಮೆ ಗಂಡನ ಮುಖ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಅಷ್ಟೇ ಸಾಕಾಯಿತು.

"ಎಲ್ಲಾ ಚೆನ್ನಾಗೇ ನಡೀತಿದೆ. ನೀವೇನೂ ಯೋಚ್ನೆ ಮಾಡ್ಬೇಡಿ," ಎಂದಳು ಅವಳು, ಕೊನೆಗೆ ಒಂದು ಚಿಕ್ಕ ನಗುವನ್ನೂ ಸೇರಿಸಿ.

ಹಿಂದಿನ ಬೆಂಚಿನಿಂದ ಅತ್ತೆ ಕೆಮ್ಮಿದರು. ಕೆಮ್ಮಿ ಕೆಮ್ಮಿ ನಿಜವಾದ ಕೆಮ್ಮೇ ಬಂದುಬಿಟ್ಟಿತು.

ಟೈಲರಮ್ಮ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಅಯ್ಯೋ ನನ್ನ ನಾಲಗೆ ಸೇದಿಹೋಗ! ಇದೇನು ಹೇಳಿಬಿಟ್ಟೆ? ಎರಡು ದಿನದಿಂದ ಗಂಡನಿಗೆ ಬೈದದ್ದೇ ಬೈದದ್ದು, ತನಗೂ ಅದೇ ರೋಗ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಶಿಬಿರದಿಂದ ಅವನ ಫೋನು ಬಂದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಇದೇ ಮಾತು, ಇದೇ ದನಿ, ಕೊನೆಯಲ್ಲಿ ಇದೇ ನಗು.

ಹವಾಲ್ದಾರನಿಗೂ ಅದು ಗುರುತು ಸಿಕ್ಕಿತು. ಅವನು ಕುರ್ಚಿಯಲ್ಲೇ ಪೂರ್ತಿ ಅವಳ ಕಡೆ ತಿರುಗಿದ.

"ಫೋನಲ್ಲೂ ನೀನು ಹೀಗೇ ಅಂತಿದ್ದೆ."

"ನೀವೂ ಹಾಗೇ ಅಂತಿದ್ರಿ," ಎಂದಳು ಅವಳು ಸಣ್ಣ ದನಿಯಲ್ಲಿ.

ಹವಾಲ್ದಾರ ಅಮ್ಮನ ಪಾಠವನ್ನೆಲ್ಲ ಗಾಳಿಗೆ ತೂರಿ ದಡಕ್ಕನೆ ಎದ್ದು ನಿಂತ. ಹಿಮ್ಮಡಿ ಕೂಡಿಸಿದ. ಎದೆ ಸೆಟೆಯಿತು.

"ತೊಂದರೆ ಇದೆ ಸರ್!"

ಆ ಕೂಗಿಗೆ ನಗದು ಎಣಿಸುತ್ತಿದ್ದವನ ಎಣಿಕೆ ತಪ್ಪಿತು. ಬಾಗಿಲಲ್ಲಿದ್ದ ಕಾವಲುಗಾರನೂ ಹಿಂದೊಮ್ಮೆ ಸೈನಿಕನಾಗಿದ್ದವನೇ. ತನಗರಿವಿಲ್ಲದೆಯೇ ಅವನು ಸ್ಟೂಲು ಬಿಟ್ಟೆದ್ದು ನೆಟ್ಟಗೆ ನಿಂತ. ಸಾಲಿಗೆ ಸಾಲೇ ತಿರುಗಿ ನೋಡಿತು.

"ಏನು ತೊಂದರೆ, ಹೇಳಿ," ಎಂದರು ಅಧಿಕಾರಿ, ಪೆನ್ನನ್ನು ಈ ಸಲ ಗಟ್ಟಿಯಾಗಿ ಹಿಡಿದುಕೊಂಡು.

"ಭತ್ಯೆ ನಿಂತಿದೆ ಸರ್! ಸಂಬಳ ಕಂತಿಗೆ ಸಾಲಲ್ಲ ಸರ್! ಇವಳ ಮಷೀನಿನ ಮೋಟಾರು ಸುಟ್ಟಿದೆ, ಕಾಲಲ್ಲೇ ತುಳೀತಾಳೆ ಸರ್! ಫ್ರಿಜ್ಜು ರಿಪೇರಿಗೆ ಕೊಟ್ಟಿದ್ದೀನಿ ಅಂತ ಇವಳು ಹೇಳಿದ್ದಾಳೆ. ಕೊಟ್ಟಿಲ್ಲ, ಮಾರಿದ್ದಾಳೆ. ನನಗೆ ಗೊತ್ತಾಗಿದೆ ಸರ್, ಗೊತ್ತಾಗಿಯೂ ಸುಮ್ಮನಿದ್ದೆ!"

"ಗೊತ್ತಾಗಿತ್ತಾ?" ಎಂದಳು ಟೈಲರಮ್ಮ.

ಅವನ ದನಿ ಅಲ್ಲಿಗೆ ಇಳಿಯಿತು. ಅಧಿಕಾರಿಯನ್ನು ಬಿಟ್ಟು ಹೆಂಡತಿಯನ್ನೇ ನೋಡುತ್ತ ಹೇಳಿದ: "ನಾನು ಬಾಯಿ ಬಿಡಲಿಲ್ಲ ಅಂತ ನನ್ನ ಮೂಟೆಯನ್ನೆಲ್ಲ ಇವಳೊಬ್ಬಳೇ ಹೊತ್ತಿದ್ದಾಳೆ. ಇನ್ನು ಆಗಲ್ಲ ಮೇಡಮ್. ನಮಗೆ ಕಷ್ಟ ಇದೆ. ಸಹಾಯ ಮಾಡಿ."

ಸರ್ ಹೋಗಿ ಮೇಡಮ್ ಬಂದದ್ದನ್ನು ಆ ಕ್ಷಣದಲ್ಲಿ ಯಾರೂ ಗಮನಿಸಲಿಲ್ಲ. ಟೈಲರಮ್ಮನಿಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ, ನಗು ಬೇರೆ ತಡೆಯಲಾಗುತ್ತಿರಲಿಲ್ಲ. ಸೆರಗಿನಿಂದ ಒರೆಸಿಕೊಳ್ಳುತ್ತ, ಇದೇ ಸಮಯವೆಂದು ತಾನೂ ಶುರುಮಾಡಿದಳು. ಶಾಲೆಯ ಸಮವಸ್ತ್ರ ಹೋದದ್ದು, ಅಡುಗೆಮನೆಯ ಗೋಡೆ ಬಿರುಕು ಬಿಟ್ಟದ್ದು, ಬ್ಯಾಂಕಿನ ನಂಬರು ಕಂಡರೆ ಫೋನು ಎತ್ತಲು ಎದೆ ಹೊಡೆದುಕೊಳ್ಳುತ್ತಿದ್ದದ್ದು. ಅವಳು ನಿಲ್ಲಿಸಿದಲ್ಲಿ ಅವನು, ಅವನು ನಿಲ್ಲಿಸಿದಲ್ಲಿ ಅವಳು. ಹಿಂದಿನಿಂದ ಅತ್ತೆ "ನನ್ನ ಮಂಡಿನೋವೂ ಬರ್ಕೊಳ್ಳಿ ಮೇಡಮ್ಮೋರೇ," ಎಂದರು.

"ಸಾಕು, ಸಾಕು ಸ್ವಾಮಿ! ನನಗೆ ಇಷ್ಟು ಜಾಗ ಇಲ್ಲ ಬರೆಯೋಕೆ," ಎಂದು ಅಧಿಕಾರಿ ನಕ್ಕೇಬಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಆರು ತಿಂಗಳು ಕಂತು ಕಟ್ಟಬೇಕಾಗಿಲ್ಲ. ಬಾಕಿಗೆ ದಂಡ ಇಲ್ಲ, ಅದನ್ನು ಸಾಲದ ಕೊನೆಗೆ ಸೇರಿಸುತ್ತಾರೆ. ಆಮೇಲಿನ ಕಂತು ಈಗಿನದಕ್ಕಿಂತ ಕಡಿಮೆ, ವರ್ಷಗಳು ಮಾತ್ರ ಒಂದಿಷ್ಟು ಹೆಚ್ಚುತ್ತವೆ. ಹರಾಜಿನ ಮಾತೇ ಇಲ್ಲ. "ಮನೆ ನಿಮ್ಮದೇ. ಮುಂದೆ ಏನಾದ್ರೂ ತೊಂದ್ರೆ ಆದ್ರೆ ಮೂರು ಕಂತು ಬಾಕಿ ಆಗೋವರೆಗೆ ಕಾಯ್ಬೇಡಿ, ಮೊದಲನೇ ತಿಂಗಳೇ ಬಂದು ಹೇಳಿ."

"ಹೇಳ್ತೀವಿ!" ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ. ಹವಾಲ್ದಾರ ಸಹಿ ಹಾಕಿದ. ಕಾವಲುಗಾರ ಬಾಗಿಲು ತೆರೆದು, ಅವನ ಕೈಕುಲುಕಿ, "ನನಗೂ ಒಂದು ಮನೆ ಸಾಲ ಇದೆ. ನಾಳೆ ನಾನೂ ಕೂಗ್ತೀನಿ," ಎಂದ.

ಬಸ್ಸಿನ ನಿಲ್ದಾಣದಲ್ಲಿ ಅತ್ತೆಗೆ ಮಾತ್ರ ಕೂರಲು ಜಾಗ ಸಿಕ್ಕಿತು. ಟೈಲರಮ್ಮನಿಗೆ ಕಾಲು ನೆಲದ ಮೇಲಿರಲಿಲ್ಲ. ಮನೆ ಉಳಿಯಿತು, ಅಂಗಡಿ ಉಳಿಯಿತು, ಈ ಮೂಕಬಸವನಿಗೂ ಬಾಯಿ ಬಂತು. ಆದರೆ ತೆರೆದ ಬಾಯಿ ಮುಚ್ಚಬೇಕಲ್ಲ! ಹವಾಲ್ದಾರ ನಿಲ್ಲಿಸುವ ಲಕ್ಷಣವೇ ಇರಲಿಲ್ಲ. ಚಳಿ ಬಂದರೆ ಮುರಿದಿದ್ದ ಪಾದ ಇನ್ನೂ ನೋಯುತ್ತದಂತೆ. ಶಿಬಿರದ ಅನ್ನ ಅರ್ಧ ಬೆಂದಿರುತ್ತದಂತೆ. ಪಕ್ಕದ ಮಂಚದವನು ಗೊರಕೆ ಹೊಡೆಯುವುದಷ್ಟೇ ಅಲ್ಲ, ನಿದ್ದೆಯಲ್ಲಿ ಹಾಡುತ್ತಾನಂತೆ. ಟೈಲರಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

"ಇಷ್ಟು ವರ್ಷ ಇದನ್ನೆಲ್ಲ ಎಲ್ಲಿಟ್ಕೊಂಡಿದ್ರಿ? ಇನ್ನೂ ಇದೆಯಾ?"

"ಇನ್ನೊಂದೇ ಒಂದಿದೆ," ಎಂದ ಅವನು. ಆಚೀಚೆ ನೋಡಿದ. "ರಜೆ ಮುಗಿಸಿ ನಿನ್ನ ಬಿಟ್ಟು ಹೊರಡ್ತೀನಲ್ಲ, ಪ್ರತಿ ಸಲಾನೂ ತುಂಬಾ ಕಷ್ಟ ಆಗುತ್ತೆ ಕಣೇ. ಬೀದಿ ತಿರುವಿನವರೆಗೂ ತಿರುಗಿ ನೋಡಲ್ಲ ನಾನು. ನೋಡಿದ್ರೆ ಹೋಗೋಕಾಗಲ್ಲ."

ಟೈಲರಮ್ಮನ ನಗು ನಿಂತಿತು. ಅವಳು ಅವನ ಕೈ ಹಿಡಿದುಕೊಂಡಳು, ನಡುಬೀದಿಯಲ್ಲಿ, ಅತ್ತೆಯ ಎದುರೇ. ಅಷ್ಟರಲ್ಲಿ ಅವರ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಮಂಡಿನೋವಿನ ಅತ್ತೆ ಎದ್ದು ನಿಂತು, ಡ್ರೈವರಿಗೆ ಕೈ ಬೀಸಿ, "ನೀನು ಹೋಗಪ್ಪ, ನಮಗೇನೂ ಅವಸರ ಇಲ್ಲ," ಎಂದು ಬಸ್ಸನ್ನು ಕಳಿಸಿಬಿಟ್ಟರು.